ಗಿನಿ ಪಿಗ್‌ಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ಮೊದಲೂ ನಂತರವೂ ಮನೆಯವರು ನೋಡಿಕೊಳ್ಳಬೇಕಾದದ್ದು

ಶಿರಸಿಯ ನಮ್ಮ ಮನೆಗೆ ಮೊದಲ ಜೋಡಿ ಗಿನಿ ಪಿಗ್‌ಗಳು ಬಂದಾಗ, ಮಾರಿದವರು ಎರಡೂ ಹೆಣ್ಣೆಂದೇ ಹೇಳಿದ್ದರು. ಮೂರು ತಿಂಗಳು ತುಂಬುವುದರೊಳಗೆ ಪಂಜರದ ಮೂಲೆಯಲ್ಲಿ ಮೂರು ಮರಿಗಳು ಮೈತುಂಬ ರೋಮ ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟಿದ್ದವು. ಈ ಪ್ರಾಣಿಯ ಗರ್ಭಾವಧಿ 59ರಿಂದ 72 ದಿನ. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲದು, ಗಂಡುಮರಿಯು ಹುಟ್ಟಿದ ಮೂರೇ ವಾರಕ್ಕೆ ಸಂತಾನಶಕ್ತಿ ಪಡೆಯಬಹುದು. ಗಂಡನ್ನು ಬೇರೆ ಪಂಜರದಲ್ಲಿ ಒಂಟಿಯಾಗಿಟ್ಟರೆ ಮರಿಗಳ ಚಿಂತೆ ತೀರುತ್ತದೆಯಾದರೂ, ಗುಂಪಿನಲ್ಲಿ ಬಾಳಲೆಂದೇ ಹುಟ್ಟಿದ ಜೀವಿಗೆ ಜೀವನಪೂರ್ತಿ ಒಂಟಿತನವನ್ನು ಹೊರಿಸಿದಂತಾಗುತ್ತದೆ. ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ನನ್ನ ದೃಷ್ಟಿಯಲ್ಲಿ ಸರಿಯಾದ ಕಾರಣ ಇದೊಂದೇ: ಅದು ಹೆಣ್ಣಿನ ಜೊತೆ ನೆಮ್ಮದಿಯಿಂದ ಇರಬೇಕು. ಎರಡು ಗಂಡುಗಳ ಜಗಳ ನಿಲ್ಲಲೆಂದು ಮಾಡಿಸಿದರೆ ಸಾಮಾನ್ಯವಾಗಿ ನಿರಾಶೆಯಾಗುತ್ತದೆ, ಏಕೆಂದರೆ ಅಂತಹ ಜಗಳಕ್ಕೆ ಜಾಗ ಸಾಲದಿರುವುದು, ಒಂದೇ ಬಟ್ಟಲು, ಒಂದೇ ಅಡಗುತಾಣ ಇರುವುದೇ ಹೆಚ್ಚಾಗಿ ಕಾರಣ.

ನಮ್ಮ ಕಡೆಯಲ್ಲಿ ಹೋರಿಗೆ ಬೀಜ ಒಡೆಸುವುದನ್ನು ಕಂಡು ಬೆಳೆದವರು ಇದನ್ನೂ ಅದರಂತೆಯೇ ಐದು ನಿಮಿಷದ ಕೆಲಸವೆಂದು ತಿಳಿಯುತ್ತಾರೆ. ಇದು ಹಾಗಲ್ಲ. ಪೂರ್ಣ ಅರಿವಳಿಕೆ ಕೊಟ್ಟು, ಚರ್ಮ ಸೀಳಿ ವೃಷಣಗಳನ್ನು ಹೊರತೆಗೆಯಬೇಕಾಗುತ್ತದೆ. ಗಿನಿ ಪಿಗ್‌ನ ಹೊಟ್ಟೆಗೂ ವೃಷಣಚೀಲಕ್ಕೂ ನಡುವಿನ ತೊಡೆಸಂದಿನ ಕಿಂಡಿಯು ಜೀವನಪೂರ್ತಿ ತೆರೆದೇ ಇರುವುದರಿಂದ, ಅದನ್ನು ಸರಿಯಾಗಿ ಕಟ್ಟದಿದ್ದರೆ ಕೊಬ್ಬಾಗಲಿ ಕರುಳಾಗಲಿ ಆ ದಾರಿಯಿಂದ ಜಾರಿ ಹೊರಬರುವ ಅಪಾಯವಿದೆ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ, ಅರಿವಳಿಕೆ ಅಥವಾ ಮತ್ತಿಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಮೊಲಗಳಲ್ಲಿ ಶೇ 1.39 ಇದ್ದರೆ ಗಿನಿ ಪಿಗ್‌ಗಳಲ್ಲಿ ಶೇ 3.8 ಇತ್ತು. ಕಾಯಿಲೆಯಿಂದ ಬಳಲುತ್ತಿದ್ದ ಪ್ರಾಣಿಗಳೂ ಆ ಲೆಕ್ಕದಲ್ಲಿ ಸೇರಿದ್ದವು, ಆದ್ದರಿಂದ ಆರೋಗ್ಯವಾಗಿರುವ ಎಳೆಯ ಗಂಡಿಗೆ ಅಪಾಯ ಅಷ್ಟಿರಲಾರದು. ಹಾಗಿದ್ದರೂ ಈ ಅಂಕಿಯನ್ನು ತಿಳಿದುಕೊಂಡೇ ತೀರ್ಮಾನ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸೆ ಪಶುವೈದ್ಯರ ಕೈಯಲ್ಲಿದೆ. ಅದರ ನಂತರ ಪ್ರಾಣಿಯ ಹೊಟ್ಟೆ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಪೂರ್ತಿಯಾಗಿ ಮನೆಯವರದು, ಮತ್ತು ಅನೇಕ ಗಿನಿ ಪಿಗ್‌ಗಳು ಸೋಲುವುದು ಗಾಯದಿಂದಲ್ಲ, ಉಣ್ಣುವುದನ್ನು ನಿಲ್ಲಿಸುವುದರಿಂದ.

ಕಾಲ ಮತ್ತು ವೈದ್ಯರು

ಉತ್ತರ ಕನ್ನಡದಲ್ಲಿ ಇದಕ್ಕೆ ತಕ್ಕ ಕಾಲವೆಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲ. ಗಿನಿ ಪಿಗ್‌ಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ. 28 ಡಿಗ್ರಿ ದಾಟಿದರೆ, ಅದರಲ್ಲೂ ಗಾಳಿಯಲ್ಲಿ ತೇವ ತುಂಬಿದ್ದರೆ, ಅದು ಬೇಗ ಸುಸ್ತಾಗುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯಲ್ಲಿ ಆರೋಗ್ಯವಂತ ಪ್ರಾಣಿಯೇ ನೆಲಕ್ಕೆ ಮೈಚೆಲ್ಲಿ ಮಲಗುತ್ತದೆ. ಮಳೆಗಾಲದಲ್ಲಿ ತೊಂದರೆ ಬೇರೆ ರೂಪದ್ದು: ಗಾಯ ಒಣಗುವುದಿಲ್ಲ, ನೊಣ ಹೆಚ್ಚು, ಹುಲ್ಲಿಗೆ ಬೂಸ್ಟು ಹಿಡಿಯುತ್ತದೆ, ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗುವುದಿಲ್ಲ. ರಸ್ತೆಯ ವಿಚಾರವನ್ನೂ ಮರೆಯಬಾರದು. 2024ರ ಜುಲೈನಲ್ಲಿ ಶಿರೂರಿನ ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿದ್ದನ್ನು ಕಂಡವರಿಗೆ, ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ವೈದ್ಯರ ಬಳಿಗೆ ಓಡಬೇಕಾದರೆ ದಾರಿ ಇದ್ದೀತೇ ಎಂಬ ಪ್ರಶ್ನೆ ಅತಿಯೆನಿಸಲಾರದು.

ಜಿಲ್ಲೆಯ ಪಶು ಆಸ್ಪತ್ರೆಗಳ ದಿನನಿತ್ಯದ ಕೆಲಸ ದನ, ಎಮ್ಮೆ, ನಾಯಿಗಳದ್ದು. ಗಿನಿ ಪಿಗ್ ಅಲ್ಲಿಗೆ ಬರುವುದು ಅಪರೂಪ. ಆದ್ದರಿಂದ ಹಲವರು ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರನ್ನು ಹುಡುಕಿಕೊಂಡು ಹುಬ್ಬಳ್ಳಿಗೋ ಗೋವೆಗೋ ಹೋಗುತ್ತಾರೆ. ಎಲ್ಲಿಗೆ ಹೋದರೂ ಮೊದಲು ಪ್ರಾಣಿಯನ್ನು ಒಯ್ಯದೆ ಒಮ್ಮೆ ಭೇಟಿಯಾಗಿ ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕು. ಗಿನಿ ಪಿಗ್ ಅಥವಾ ಮೊಲಕ್ಕೆ ಈ ಶಸ್ತ್ರಚಿಕಿತ್ಸೆಯನ್ನು ಈ ಹಿಂದೆ ಮಾಡಿದ್ದಾರೆಯೇ, ಅರಿವಳಿಕೆಯನ್ನು ಇಂಜೆಕ್ಷನ್ನಿನಿಂದ ಕೊಡುತ್ತಾರೋ ಐಸೋಫ್ಲುರೇನ್ ಅನಿಲದಿಂದಲೋ, ತೊಡೆಸಂದಿನ ಕಿಂಡಿಯನ್ನು ಹೇಗೆ ಮುಚ್ಚುತ್ತಾರೆ, ಮನೆಗೆ ಕಳಿಸುವಾಗ ನೋವಿನ ಔಷಧ ಕೊಡುತ್ತಾರೆಯೇ, ರಾತ್ರಿ ಹೊತ್ತು ಫೋನಿಗೆ ಸಿಗುತ್ತಾರೆಯೇ ಎಂಬುದೇ ಆ ಪ್ರಶ್ನೆಗಳು. ಇವಕ್ಕೆ ಬೇಸರವಿಲ್ಲದೆ ಉತ್ತರ ಕೊಡುವವರು ಸಿಕ್ಕರೆ ನೂರು ಕಿಲೋಮೀಟರ್ ದೂರವಾದರೂ ಅವರಲ್ಲಿಗೇ ಹೋಗುವುದು ಒಳ್ಳೆಯದು.

ಹಿಂದಿನ ಎರಡು ವಾರಗಳು

ತಯಾರಿ ತಕ್ಕಡಿಯಿಂದ ಶುರುವಾಗುತ್ತದೆ. ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿ ಇಟ್ಟು, ಪ್ರತಿದಿನ ಒಂದೇ ಹೊತ್ತಿಗೆ ಪ್ರಾಣಿಯನ್ನು ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳೆದ ಗಿನಿ ಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ, ಮತ್ತು ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿಯುವುದು ಸಹಜ. ಈ ಎರಡು ವಾರಗಳ ಅಂಕಿಗಳಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ನಂತರದ ಇಳಿಕೆ ಗಾಬರಿಪಡುವಂಥದ್ದೋ ಅಲ್ಲವೋ ಎಂದು ತಿಳಿಯುತ್ತದೆ. ಸೀನು, ಕಣ್ಣಿನಲ್ಲಿ ಪಿಸರು, ಭೇದಿ, ಚರ್ಮದ ತುರಿಕೆ ಏನೇ ಕಂಡರೂ ಅದು ಪೂರ್ತಿ ವಾಸಿಯಾಗುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ.

ಆಹಾರದ ಬೆನ್ನೆಲುಬು ಹುಲ್ಲು. ಭತ್ತದ ಹುಲ್ಲು ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆಯಾದರೂ ಅದರಲ್ಲಿ ಸತ್ವ ಕಡಿಮೆ, ಒರಟೂ ಹೌದು. ಅದನ್ನೇ ಮುಖ್ಯ ಆಹಾರವಾಗಿಸಬಾರದು. ಬೇಣದಲ್ಲಿ (ಹುಲ್ಲಿಗೆಂದು ಬಿಟ್ಟ ಜಾಗದಲ್ಲಿ) ಮಳೆ ಮುಗಿದ ಮೇಲೆ ಕೊಯ್ದು ಒಣಗಿಸಿದ ಹುಲ್ಲು, ಅಂದರೆ ಕರಡ, ಸುಂಕಿಲ್ಲದ ಎಳೆಯ ಭಾಗವನ್ನು ಆರಿಸಿ ಕೊಟ್ಟರೆ, ಬಹಳ ಚೆನ್ನಾಗಿ ಒಗ್ಗುತ್ತದೆ. ಹಸಿ ಗರಿಕೆಯನ್ನಂತೂ ಇವು ಬಿಡುವುದೇ ಇಲ್ಲ. ಆದರೆ ಅಡಿಕೆ ತೋಟದ ಹುಲ್ಲಿನ ವಿಷಯದಲ್ಲಿ ಎಚ್ಚರ ಬೇಕು: ಕೊಳೆರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಸಲ್ಫೇಟ್) ಮರದಿಂದ ಕೆಳಗಿನ ಹುಲ್ಲಿಗೆ ಇಳಿದಿರುತ್ತದೆ, ದೇಹದಲ್ಲಿ ತಾಮ್ರ ಹೆಚ್ಚಾದರೆ ಇಷ್ಟು ಸಣ್ಣ ಪ್ರಾಣಿ ತಡೆಯಲಾರದು. ಮದ್ದು ಹೊಡೆದ ತೋಟದ ಹುಲ್ಲನ್ನು ಆ ಮಳೆಗಾಲವಿಡೀ ಕೊಡದಿರುವುದೇ ಕ್ಷೇಮ. ಕೈಯಲ್ಲಿ ಹಿಡಿದಾಗ ಮುಗ್ಗಲು ವಾಸನೆ ಬರುವ ಹುಲ್ಲನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗದೆ ಎಸೆದುಬಿಡಿ.

ಮನುಷ್ಯರಂತೆ ಗಿನಿ ಪಿಗ್ ಕೂಡ ತನ್ನ ದೇಹದಲ್ಲಿ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಗಾಯ ಮಾಯುವುದಿಲ್ಲ, ವಸಡಿನಲ್ಲೂ ಕೀಲುಗಳಲ್ಲೂ ರಕ್ತ ಒಸರುತ್ತದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಚೇತರಿಕೆಯ ದಿನಗಳಲ್ಲಿ ಇನ್ನೂ ಹೆಚ್ಚು. ದೊಣ್ಣೆಮೆಣಸಿನಕಾಯಿಯ ಹೋಳು, ಕೊತ್ತಂಬರಿ ಸೊಪ್ಪು, ಪೇರಲ ಹಣ್ಣಿನ ಸಣ್ಣ ತುಂಡು ನಮಗೆ ಸುಲಭವಾಗಿ ದೊರೆಯುತ್ತವೆ. ಬಸಳೆ ಮತ್ತು ಹರಿವೆಯಲ್ಲಿ ಮೂತ್ರದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಹೆಚ್ಚಿರುವುದರಿಂದ ಅಪರೂಪಕ್ಕೊಮ್ಮೆ ಕೊಟ್ಟರೆ ಸಾಕು. ವಿಟಮಿನ್ನಿನ ಹನಿಗಳನ್ನು ಕುಡಿಯುವ ನೀರಿಗೆ ಬೆರೆಸುವುದು ವ್ಯರ್ಥ, ಏಕೆಂದರೆ ಬೆಳಕಿಗೂ ಗಾಳಿಗೂ ಅದು ಬೇಗ ಹಾಳಾಗುತ್ತದೆ. ನೀರಿನ ರುಚಿ ಬದಲಾಗಿ ಪ್ರಾಣಿ ಕುಡಿಯುವುದನ್ನೇ ಕಡಿಮೆ ಮಾಡಲೂಬಹುದು.

ಈ ದಿನಗಳಲ್ಲೇ ಸಿರಿಂಜಿನ ಅಭ್ಯಾಸವನ್ನೂ ಮಾಡಿಸಿ. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜಿನಲ್ಲಿ ನೀರನ್ನೋ, ಪೆಲೆಟ್ (ಅಂಗಡಿಯಲ್ಲಿ ಸಿಗುವ ಗಿನಿ ಪಿಗ್ ಆಹಾರದ ಗುಳಿಗೆ) ನೆನೆಸಿ ಅರೆದ ತಿಳಿ ಗಂಜಿಯನ್ನೋ ದಿನಕ್ಕೊಮ್ಮೆ ಕೊಟ್ಟು ಪರಿಚಯ ಮಾಡಿಸಿದ್ದರೆ, ನೋವಿನಲ್ಲಿರುವ ದಿನ ಅದಕ್ಕೆ ಈ ಹೊಸ ವಸ್ತುವಿನ ಭಯವಾದರೂ ಇರುವುದಿಲ್ಲ.

ಉಪವಾಸ ಇರಿಸಬಾರದು

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿನಲ್ಲಿ ಉಳಿಯುವುದಾದರೆ ಅದು ಇದೇ ಆಗಲಿ. ನಾಯಿ, ಬೆಕ್ಕು, ಮನುಷ್ಯರನ್ನು ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿ ಇಡಿಸುವುದು, ಮಲಗಿರುವಾಗ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗದಿರಲೆಂದು. ಗಿನಿ ಪಿಗ್‌ಗೆ ವಾಂತಿ ಮಾಡಿಕೊಳ್ಳುವುದೇ ಸಾಧ್ಯವಿಲ್ಲ. ಅದರ ಕರುಳಿನಲ್ಲಿ ನಾರನ್ನು ಹುದುಗಿಸಿ ಜೀರ್ಣಿಸುವ ಸೂಕ್ಷ್ಮಜೀವಿಗಳ ದೊಡ್ಡ ಚೀಲವೇ ಇದ್ದು, ಮೇಲಿನಿಂದ ಹುಲ್ಲು ಬರುತ್ತಿದ್ದರೆ ಮಾತ್ರ ಕರುಳು ಚಲಿಸುತ್ತಿರುತ್ತದೆ. ರಾತ್ರಿಯಿಡೀ ಹಸಿದಿಟ್ಟರೆ ಚಲನೆ ನಿಧಾನವಾಗಿ, ಗಾಳಿ ತುಂಬಿ, ನೋವಾಗಿ, ನೋವಿನಿಂದ ಇನ್ನಷ್ಟು ಉಣ್ಣದೆ, ಆ ಸುಳಿಯಿಂದ ಹೊರಬರುವುದು ಕಷ್ಟವಾಗುತ್ತದೆ.

ನಮ್ಮ ಮೊದಲ ಗಂಡು ಗುಂಡನಿಗೆ ಒಂದು ಚಿಕಿತ್ಸಾಲಯದಲ್ಲಿ ‘ರಾತ್ರಿ ಎಂಟರ ನಂತರ ಏನೂ ಕೊಡಬೇಡಿ’ ಎಂದಿದ್ದರು. ನಾವು ಅದನ್ನು ಪ್ರಶ್ನಿಸದೆ ಪಾಲಿಸಿದೆವು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು, ಹೊಲಿಗೆಯೂ ಅಚ್ಚುಕಟ್ಟಾಗಿತ್ತು. ಆದರೆ ಮನೆಗೆ ಬಂದ ಗುಂಡ ಎರಡು ದಿನ ತಾನಾಗಿ ಒಂದು ಎಸಳು ಹುಲ್ಲನ್ನೂ ಮುಟ್ಟಲಿಲ್ಲ, ನಾವು ಎರಡು ರಾತ್ರಿ ಎದ್ದೆದ್ದು ಸಿರಿಂಜಿನಲ್ಲಿ ಉಣಿಸಿ ಅದನ್ನು ಉಳಿಸಿಕೊಂಡೆವು. ಎರಡನೆಯ ಗಂಡಿಗೆ ಮಾಡಿಸುವಾಗ ಬೇರೆ ವೈದ್ಯರು ಹೊರಡುವವರೆಗೂ ಹುಲ್ಲು ಕೊಡಿ ಎಂದರು. ಬಾಯಿಯಲ್ಲಿ ಉಳಿದ ಚೂರು ಉಸಿರ್ದಾರಿಗೆ ಸಿಗದಂತೆ, ಅರಿವಳಿಕೆಗೆ ಸ್ವಲ್ಪ ಮೊದಲಷ್ಟೇ ಆಹಾರ ತೆಗೆದು ಬಾಯನ್ನು ಶುಚಿ ಮಾಡಿದರು. ಅದು ಅದೇ ಸಂಜೆ ಕೊತ್ತಂಬರಿ ಸೊಪ್ಪನ್ನು ತಿಂದಿತು. ಯಾರಾದರೂ ರಾತ್ರಿಯಿಡೀ ಉಪವಾಸ ಹೇಳಿದರೆ ಗಿನಿ ಪಿಗ್ ವಾಂತಿ ಮಾಡುವುದಿಲ್ಲವಲ್ಲ ಎಂದು ವಿನಯದಿಂದ ಕೇಳಿ, ಉತ್ತರ ಸಮಾಧಾನ ತಾರದಿದ್ದರೆ ಶಸ್ತ್ರಚಿಕಿತ್ಸೆಯನ್ನು ಬೇರೆಡೆ ಮಾಡಿಸಿ.

ಪ್ರಯಾಣಕ್ಕೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆ, ಕೆಳಗೆ ಟವೆಲ್, ತುಂಬ ಹುಲ್ಲು, ನೀರಿನ ಬಾಟಲಿ ಸೋರುವುದರಿಂದ ಅದರ ಬದಲು ಸೌತೆಕಾಯಿಯ ಹೋಳುಗಳು ಸಾಕು. ಅರೆಬೈಲು ಘಟ್ಟವಿರಲಿ ದೇವಿಮನೆ ಘಟ್ಟವಿರಲಿ, ತಿರುವುಗಳಲ್ಲಿ ಪೆಟ್ಟಿಗೆ ಜಾರದಂತೆ ಯಾರಾದರೂ ತೊಡೆಯ ಮೇಲೆ ಹಿಡಿದುಕೊಳ್ಳಬೇಕು. ಬಿಸಿಲೇರುವ ಮುನ್ನ ಹೊರಡಿ. ಜೊತೆಗಾರ ಗಿನಿ ಪಿಗ್ ಗಂಡಾಗಿದ್ದು ಇಬ್ಬರೂ ಹೊಂದಿಕೊಂಡಿದ್ದರೆ ಅದನ್ನೂ ಕರೆದೊಯ್ಯುವುದರಿಂದ ಭಯ ಕಡಿಮೆಯಾಗುತ್ತದೆ.

ಮನೆಗೆ ಬಂದ ಮೇಲೆ

ಪ್ರಾಣಿ ಪೂರ್ತಿ ಎಚ್ಚರಗೊಂಡು ತಲೆ ಎತ್ತಿ ಓಡಾಡುವುದನ್ನು ಕಂಡ ಮೇಲೆಯೇ ಆಸ್ಪತ್ರೆಯಿಂದ ಹೊರಡಿ. ಸಣ್ಣ ದೇಹ ಬೇಗ ಶಾಖ ಕಳೆದುಕೊಳ್ಳುವುದರಿಂದ ಮೊದಲ ರಾತ್ರಿ ಬೆಚ್ಚಗಿರಿಸಬೇಕು. ಶಿರಸಿಯ ಚಳಿಯಲ್ಲಿ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಂಜರದ ಒಂದು ಬದಿಗೆ ಮಾತ್ರ ಇಟ್ಟರೆ, ಸೆಕೆಯೆನಿಸಿದಾಗ ಅದು ತಾನೇ ಇನ್ನೊಂದು ಬದಿಗೆ ಸರಿಯುತ್ತದೆ. ಕಾರವಾರದಲ್ಲಿ ಹಲವು ರಾತ್ರಿಗಳಿಗೆ ಅದೂ ಬೇಕಾಗದು, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ನೋಡಿಕೊಂಡರೆ ಸಾಕು. ಮರದ ಪುಡಿ ಮತ್ತು ಹುಲ್ಲಿನ ಹಾಸನ್ನು ತೆಗೆದು ಹತ್ತಿಯ ಹಳೆಯ ಟವೆಲ್ಲುಗಳನ್ನು ಹಾಸಿ. ಅವನ್ನು ದಿನಕ್ಕೆ ಎರಡು ಬಾರಿಯಾದರೂ ಬದಲಿಸಿ, ಏಕೆಂದರೆ ಪುಡಿ ಹೊಲಿಗೆಗೆ ಅಂಟುತ್ತದೆ, ಮೂತ್ರದಲ್ಲಿ ನೆಂದ ಹಾಸು ಗಾಯವನ್ನು ಕೆಡಿಸುತ್ತದೆ. ತಿನ್ನುವ ಹುಲ್ಲು ಮಾತ್ರ ಒಂದು ಮೂಲೆಯಲ್ಲಿ ಸದಾ ಇರಲಿ.

ಇಷ್ಟಾದ ಮೇಲೆ ಗಮನವೆಲ್ಲ ಬಾಯಿಯ ಮೇಲೆ ಮತ್ತು ಹಿಕ್ಕೆಯ ಮೇಲೆ. ಅನೇಕ ಗಂಡುಗಳು ಮನೆಗೆ ಬಂದ ಕೆಲವೇ ಗಂಟೆಗಳಲ್ಲಿ ಏನಾದರೂ ಮೆಲ್ಲತೊಡಗುತ್ತವೆ. ಫ್ರಿಜ್ಜಿನ ಬಾಗಿಲ ಸದ್ದಿಗೆ ಕುಂಯ್ ಕುಂಯ್ ಎಂದು ಕೂಗಿದರೆ ಅದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ. ತಿನ್ನದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಪೆಲೆಟ್ಟನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು ಸಿರಿಂಜಿನಲ್ಲಿ ತುಂಬಿಕೊಳ್ಳಿ. ಪ್ರಾಣಿಯನ್ನು ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ ನೆಟ್ಟಗೆ ಕೂರಿಸಿ, ಮುಂಬಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಬದಿಯಿಂದ ತುದಿಯನ್ನಿಟ್ಟು ಹನಿಹನಿಯಾಗಿ ಕೊಡಿ. ಜಗಿದು ನುಂಗಿದ ಮೇಲೆಯೇ ಮುಂದಿನದು. ಬೆನ್ನ ಮೇಲೆ ಮಲಗಿಸಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಏನನ್ನೂ ತಿನ್ನದ ಪ್ರಾಣಿಗೆ ಕಿಲೋ ತೂಕಕ್ಕೆ ದಿನವೊಂದಕ್ಕೆ 50ರಿಂದ 80 ಮಿಲಿಲೀಟರಿನಷ್ಟು ಗಂಜಿ ಬೇಕಾಗುತ್ತದೆ. ಅದನ್ನು ಐದಾರು ಹೊತ್ತಿಗೆ ಹಂಚಿ, ರಾತ್ರಿಯೂ ಒಮ್ಮೆ ಎದ್ದು ಕೊಡಬೇಕು. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಅಥವಾ ಪ್ರಾಣಿ ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕದೆ ವೈದ್ಯರಿಗೆ ಫೋನು ಮಾಡಿ.

ಬದಲಿಸುವ ಪ್ರತಿ ಟವೆಲ್ಲಿನ ಹಿಕ್ಕೆಗಳನ್ನು ಎಣಿಸುವುದು ವಿಚಿತ್ರವೆನಿಸಬಹುದು, ಆದರೆ ಅದು ಕರುಳಿನ ಕನ್ನಡಿ. ಮೊದಲ ದಿನ ಸಣ್ಣದಾಗಿ, ಕಡಿಮೆಯಾಗಿ ಬರುವುದು ಸಹಜ. ಹನ್ನೆರಡು ಗಂಟೆ ಹಿಕ್ಕೆಯೇ ಇಲ್ಲದಿದ್ದರೆ, ಅಥವಾ ತೂಕ ಶೇ 10ರಷ್ಟು ಇಳಿದರೆ ಅದು ತುರ್ತು ಸ್ಥಿತಿ. ನೋವನ್ನು ಇವು ಬಾಯಿಬಿಟ್ಟು ಹೇಳುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿಗಳಾದ್ದರಿಂದ ಮರೆಮಾಚುವುದೇ ಅವುಗಳ ಸ್ವಭಾವ. ಬೆನ್ನು ಗೂನು ಮಾಡಿ, ರೋಮ ನಿಮಿರಿಸಿ, ಕಣ್ಣು ಅರೆ ಮುಚ್ಚಿ, ಮೂಲೆಗೆ ಮುಖಮಾಡಿ ಕುಳಿತು ಹಲ್ಲು ಕಡಿಯುತ್ತಿದ್ದರೆ ಅದು ನೋವೇ.

ನೋವಿನ ಔಷಧವನ್ನು, ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್, ವೈದ್ಯರು ಹೇಳಿದಷ್ಟು ದಿನವೂ ತಪ್ಪದೆ ಕೊಡಿ. ಚುರುಕಾಗಿದೆಯೆಂದು ಎರಡನೆಯ ದಿನಕ್ಕೇ ನಿಲ್ಲಿಸಬೇಡಿ. ಮನೆಯ ಔಷಧ ಡಬ್ಬಿಯಿಂದ ಮಾತ್ರ ಯಾವುದನ್ನೂ ತೆಗೆಯಬಾರದು. ಮಕ್ಕಳಿಗೆ ತಂದಿಟ್ಟ ಅಮಾಕ್ಸಿಸಿಲಿನ್ ಸಿರಪ್ ಗಿನಿ ಪಿಗ್‌ಗೆ ವಿಷವಿದ್ದಂತೆ. ಅದು, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಮುಂತಾದವು ಬಾಯಿಯ ಮೂಲಕ ಹೋದಾಗ ಕರುಳಿನ ಒಳ್ಳೆಯ ಜೀವಿಗಳನ್ನು ಕೊಂದು, ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಲು ಎಡೆಮಾಡಿ, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲವು. ದನ ಮತ್ತು ನಾಯಿಗಳಿಗೆ ನಿತ್ಯ ಬಳಸುವ ಔಷಧಗಳೇ ಇವಾಗಿರುವುದರಿಂದ, ಚೀಟಿಯಲ್ಲಿ ಈ ಹೆಸರು ಕಂಡರೆ ಔಷಧ ಕೊಂಡುಕೊಳ್ಳುವ ಮೊದಲೇ ಕೇಳಿ.

ಗಾಯವನ್ನು ದಿನಕ್ಕೆರಡು ಬಾರಿ, ಒಬ್ಬರು ಎದೆಗಾನಿಸಿ ಹಿಡಿದು ಇನ್ನೊಬ್ಬರು ನೋಡಬೇಕು. ಅಲ್ಪ ಊತ, ನಸುಗೆಂಪು ಮೊದಲ ದಿನಗಳಲ್ಲಿ ಇರುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಬೋರಿಕ್ ಪೌಡರ್ ಯಾವುದನ್ನೂ ಹಚ್ಚಬೇಡಿ. ಪ್ರೀತಿಯಿಂದ ಹಚ್ಚಿದ್ದನ್ನು ಅದು ನೆಕ್ಕುತ್ತದೆ, ಎಣ್ಣೆ ಕಸವನ್ನು ಹಿಡಿಯುತ್ತದೆ. ನೊಣಕ್ಕಾಗಿ ಪಂಜರಕ್ಕೆ ಸೊಳ್ಳೆಪರದೆಯ ಬಟ್ಟೆ ಹೊದಿಸಿ. ಗಾಯಕ್ಕೆ ಹುಳ ಬಿದ್ದರೆ ಒಂದೇ ದಿನದಲ್ಲಿ ಕೈಮೀರುತ್ತದೆ. ನಮ್ಮ ಮನೆಗಳಲ್ಲಿ ಇರುವೆಗಳ ಕಾಟವೂ ಕಡಿಮೆಯಲ್ಲ, ರಕ್ತದ ವಾಸನೆಗೆ ಅವು ಸಾಲುಗಟ್ಟುತ್ತವೆ. ಪಂಜರವನ್ನು ಮೇಜಿನ ಮೇಲಿಟ್ಟು, ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವ ಅಜ್ಜಿಯಂದಿರ ಉಪಾಯವೇ ಇಲ್ಲಿಗೆ ಸರಿ. ಗಾಯ ನೆಕ್ಕದಂತೆ ನಾಯಿಯ ಕೊರಳಿಗೆ ತೊಡಿಸುವ ಕೊಳವೆಯನ್ನು ಗಿನಿ ಪಿಗ್‌ಗೆ ಹಾಕಿಸದಿರುವುದು ಲೇಸು, ಏಕೆಂದರೆ ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ನೇರವಾಗಿ ಬಾಯಿಯಿಂದ ತೆಗೆದು ತಿಂದು ಪೋಷಣೆ ಪಡೆಯುವ ಪ್ರಾಣಿ, ಕೊಳವೆ ಅದನ್ನು ತಡೆಯುತ್ತದೆ.

ಗಂಡಿನ ಈ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗಿ ಕಾಣುವ ತೊಡಕು ಕೀವುಗಡ್ಡೆ. ಮೊದಲ ವಾರ ಎಲ್ಲವೂ ಚೆನ್ನಾಗಿದ್ದು ಎರಡನೆಯ ವಾರದಲ್ಲಿ ಗಟ್ಟಿಯಾದ ಗಂಟೊಂದು ಕೈಗೆ ಸಿಗಬಹುದು. ಇದರ ಕೀವು ದಪ್ಪವಾಗಿರುವುದರಿಂದ ತಾನಾಗಿ ಸೋರಿ ಹೋಗುವುದಿಲ್ಲ, ಹಿಸುಕಲು ಹೋಗದೆ ವೈದ್ಯರಿಗೆ ತೋರಿಸಿ. ಮೆತ್ತನೆಯ ಊತ ಏಕಾಏಕಿ ದೊಡ್ಡದಾದರೆ ಕರುಳು ಜಾರಿರುವ ಸಾಧ್ಯತೆ ಇರುತ್ತದೆ, ಅದಕ್ಕೆ ಮರುದಿನದ ಮಾತಿಲ್ಲ. ಏನೂ ತೊಂದರೆ ಕಾಣದಿದ್ದರೂ 10ರಿಂದ 14 ದಿನಗಳೊಳಗೆ ಒಮ್ಮೆ ತೋರಿಸುವುದು ಸರಿ.

ಹೆಣ್ಣಿಗೆ ಅಂಡಾಶಯ ತೆಗೆಯುವುದು ಹೊಟ್ಟೆ ತೆರೆಯುವ ದೊಡ್ಡ ಶಸ್ತ್ರಚಿಕಿತ್ಸೆ. ಮರಿ ತಡೆಯಲೆಂದಷ್ಟೇ ಅದನ್ನು ಮಾಡಿಸುವ ಬದಲು ಗಂಡಿಗೆ ಮಾಡಿಸುವುದು ಸುರಕ್ಷಿತ. ವಯಸ್ಸಾದ ಹೆಣ್ಣುಗಳಲ್ಲಿ ಅಂಡಾಶಯದ ನೀರುಗುಳ್ಳೆ ಸಾಮಾನ್ಯ. ಎರಡೂ ಪಕ್ಕೆಗಳಲ್ಲಿ ಸಮನಾಗಿ ರೋಮ ಉದುರಿದರೆ ಅದನ್ನು ಶಂಕಿಸಿ ತೋರಿಸಬೇಕು, ಆಗ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಮೇಲೆ ಹೇಳಿದ ಶುಶ್ರೂಷೆಯೆಲ್ಲ ಅದಕ್ಕೂ ಅನ್ವಯಿಸುತ್ತದೆ, ಚೇತರಿಕೆ ಮಾತ್ರ ಹೆಚ್ಚು ದಿನ ಹಿಡಿಯುತ್ತದೆ.

ಗಾಯ ಮಾಯಿತೆಂದು ಗಂಡನ್ನು ಕೂಡಲೇ ಹೆಣ್ಣಿನ ಬಳಿ ಬಿಡಬಾರದು. ನಾಳಗಳಲ್ಲಿ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಗರ್ಭವಾಗಬಹುದಾದ್ದರಿಂದ ಪೂರ್ತಿ ಆರು ವಾರ ಬೇರೆ ಇರಿಸಿ. ಈ ಅವಧಿಯಲ್ಲಿ ಪಂಜರಗಳನ್ನು ಜಾಲರಿಯ ಅಡ್ಡವಿಟ್ಟು ಪಕ್ಕಪಕ್ಕದಲ್ಲೇ ಇಟ್ಟರೆ ಒಂದರ ದನಿ, ವಾಸನೆ ಇನ್ನೊಂದಕ್ಕೆ ಪರಿಚಿತವಾಗಿರುತ್ತದೆ. ಆರು ವಾರ ತುಂಬಿದ ಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ, ಉದಾಹರಣೆಗೆ ಜಗಲಿಯ ಮೇಲೆ ಚಾದರ ಹಾಸಿ, ನಡುವೆ ದೊಡ್ಡ ಹುಲ್ಲಿನ ರಾಶಿ ಹಾಕಿ, ಎರಡು ಬಾಗಿಲುಗಳಿರುವ ರಟ್ಟಿನ ಪೆಟ್ಟಿಗೆಗಳನ್ನಿಟ್ಟು ಒಟ್ಟಿಗೆ ಬಿಡಿ. ಗಂಡು ಗುರುಗುಟ್ಟುತ್ತ ಸೊಂಟ ತೂಗಿ ಸುತ್ತುವುದು, ಹೆಣ್ಣು ಹಿಂದಿರುಗಿ ಮೂತ್ರ ಚಿಮ್ಮಿಸುವುದು ಜಗಳವಲ್ಲ. ಹಲ್ಲು ಕಟಕಟಿಸಿ ಮೇಲೆರಗಿ ರಕ್ತ ಬಂದರೆ ಮಾತ್ರ, ಕೈ ಹಾಕದೆ ದಪ್ಪ ಟವೆಲ್ ಎಸೆದು ಬೇರ್ಪಡಿಸಿ, ಒಂದೆರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ಒಟ್ಟಿಗೆ ಇರತೊಡಗಿದ ಮೇಲೂ ಇನ್ನೊಂದು ವಾರ ಇಬ್ಬರ ತೂಕವನ್ನೂ ದಿನಾ ಬರೆದಿಡಿ, ಏಕೆಂದರೆ ಒಂದು ಇನ್ನೊಂದನ್ನು ಬಟ್ಟಲಿನಿಂದ ದೂರ ಅಟ್ಟುತ್ತಿದ್ದರೆ ಅದು ಮೊದಲು ತಿಳಿಯುವುದು ಆ ಅಂಕಿಗಳಲ್ಲೇ.